ಕಲ್ಲು ಮೇಷ್ಟ್ರ ಮಗಳಿಗೆ ಗಂಡು ನೋಡಿದ್ದು

ನಮ್ಮ ವಠಾರದಲ್ಲಿ ಏನೂ ನಡೆಯದ ದಿನ ಅಂತ ಒಂದಿದ್ದರೆ, ಆವತ್ತು ನಾನು ಊರಲ್ಲಿರಲಿಲ್ಲ ಅಂತಲೇ ಅರ್ಥ. ಇದ್ದ ದಿನವೆಲ್ಲ ಏನಾದರೊಂದು ನಡೆದೇ ನಡೆದಿದೆ. ನಾನೇನು ಹುಡುಕಿಕೊಂಡು ಹೋದವಳಲ್ಲ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಾ ಇದ್ದರೆ ಅದು ತಾನಾಗಿ ಎದುರಿಗೇ ಬಂದು ನಡೆಯುತ್ತೆ. ಕಣ್ಣು ಮುಚ್ಚಿಕೊಂಡು ಅವರೆಕಾಯಿ ಸುಲಿಯೋಕಾಗುತ್ತಾ?

ವಠಾರ ಇದ್ದದ್ದು ಬಸವನಗುಡಿಯಲ್ಲಿ, ಬ್ಯೂಗಲ್ ರಾಕ್ ಹಿಂದಿನ ರಸ್ತೆಯಲ್ಲಿ. ಮನೆಮನೆಗೂ ಕೇಬಲ್ ಟಿ.ವಿ. ವೈರು ಜೋತುಬೀಳೋಕೆ ಶುರುವಾಗಿದ್ದ ಕಾಲ. ನನ್ನ ಗೋಡೆಗೆ ಅಂಟಿಕೊಂಡ ಹಾಗೆ ಒಬ್ಬ ಮೇಷ್ಟ್ರ ಮನೆ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಪಾಠ ಹೇಳಿ ರಿಟೈರ್ ಆದವರು. ಬೇರೆಯವರ ಮನೆಯ ಕಿಟಕಿಯಲ್ಲಿ ತುಳಸಿ, ದೊಡ್ಡಪತ್ರೆ ಇದ್ದರೆ ಇವರ ಕಿಟಕಿಯಲ್ಲಿ ಕಲ್ಲು. ಶೋಕೇಸಿನಲ್ಲಿ ಕಲ್ಲು, ಮಂಚದ ಕೆಳಗೆ ಕಲ್ಲು, ಅಕ್ಕಿ ಡಬ್ಬದ ಹಿಂದೆ ಕಲ್ಲು. ಹಾಗಾಗಿ ನಾನು ಇಡೀ ವಠಾರಕ್ಕೆ ದೊಡ್ಡಮ್ಮ ಆದ ಹಾಗೆ ಅವರು ಕಲ್ಲು ಮೇಷ್ಟ್ರು. ಬ್ಯೂಗಲ್ ರಾಕ್ ಬಂಡೆಯ ವಯಸ್ಸೆಷ್ಟು ಅಂತ ಕೇಳಿದರೆ ಮುನ್ನೂರು ಕೋಟಿ ವರ್ಷ ಅಂತ ತಟ್ಟನೆ ಹೇಳುವ ಮನುಷ್ಯ. ಹೆಂಡತಿಯ ಹುಟ್ಟಿದ ಹಬ್ಬ ಕೇಳಿದರೆ ಮಾತ್ರ ಯೋಚನೆ ಮಾಡಬೇಕು.

ಅವರಿಗೆ ಒಬ್ಬಳೇ ಮಗಳು. ಬ್ಯಾಂಕಿನಲ್ಲಿ ಕೆಲಸ, ಲಕ್ಷಣವಾದ ಹುಡುಗಿ, ಮಾತು ಕಮ್ಮಿ. ಅವಳಿಗೆ ಇಪ್ಪತ್ತೆಂಟು ವರ್ಷ. ಮೂರು ವರ್ಷದಿಂದ ಇಪ್ಪತ್ತೆಂಟೇ. ಮೇಷ್ಟ್ರ ಹೆಂಡತಿ ಆ ವಯಸ್ಸನ್ನ ಅಲ್ಲಾಡದ ಹಾಗೆ ಹಿಡಿದು ನಿಲ್ಲಿಸಿದ್ದರು. ಬಂದ ಗಂಡುಗಳೆಲ್ಲ ಒಂದೊಂದಾಗಿ ತಪ್ಪಿಹೋಗುತ್ತಿದ್ದವು. ಕಾರಣ ಎಲ್ಲ ಕಡೆ ಒಂದೇ, ಭೂಗರ್ಭಶಾಸ್ತ್ರ.

ಸುಣ್ಣದ ಗೋಡೆ

ವಠಾರದ ಮಾಲೀಕರು ಮುಂದಿನ ದೊಡ್ಡ ಮನೆಯಲ್ಲಿದ್ದರು. ಅವರದೊಂದು ಪದ್ಧತಿ. ತಮ್ಮ ಮನೆಯಲ್ಲಿ ಮದುವೆ ಆದರೆ ಮಾತ್ರ ವಠಾರಕ್ಕೆ ಬಣ್ಣ ಹೊಡೆಸೋರು. ಮದುವೆ ಇಲ್ಲದಿದ್ದರೆ ಗೋಡೆ ಬಿದ್ದುಹೋದರೂ ಕೇಳೋರಲ್ಲ.

ನಲ್ಲಿಯ ಪಕ್ಕದ ಗೋಡೆಯಲ್ಲಿ ಒಂದು ಕಡೆ ತೇವಕ್ಕೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೇಷ್ಟ್ರು ಬಿಂದಿಗೆ ಹಿಡಿದು ಬಂದವರು ಅದನ್ನೇ ನೋಡುತ್ತಾ ನಿಂತುಬಿಟ್ಟರು. ಬಿಂದಿಗೆ ತುಂಬಿ ನೀರು ಕಾಲ ಮೇಲೆ ಹರಿದರೂ ಗಮನವಿಲ್ಲ. ನಾನು ಹೋಗಿ ನಲ್ಲಿ ನಿಲ್ಲಿಸಿ, ಏನ್ರೀ ಮೇಷ್ಟ್ರೇ ಗೋಡೇಲಿ ದೇವರು ಮೂಡಿದಾನಾ ಅಂತ ಕೇಳಿದೆ.

ಅಷ್ಟೇ ಬೇಕಾಗಿತ್ತು, ಪಾಠ ಶುರುವಾಯಿತು. ಭೂಮಿಯೂ ಹೀಗೇ ಪದರ ಪದರವಾಗಿ ಕೂತಿರುತ್ತಂತೆ. ಅಡಿಯಲ್ಲಿರೋದು ಹಳೇದು, ಮೇಲಿರೋದು ಹೊಸದು. ಎಲ್ಲಿ ಪದರ ಬದಲಾಗುತ್ತೋ, ಎಲ್ಲಿ ಹಳೇ ಪ್ರಾಣಿ ಹೋಗಿ ಹೊಸ ಪ್ರಾಣಿಯ ಗುರುತು ಕಾಣುತ್ತೋ ಅಲ್ಲಿ ಗೆರೆ ಎಳೆದು, ಇಲ್ಲಿಗೆ ಒಂದು ಕಾಲ ಮುಗೀತು, ಇಲ್ಲಿಂದ ಇನ್ನೊಂದು ಅಂತ ವಿಜ್ಞಾನಿಗಳು ಹೆಸರಿಡುತ್ತಾರಂತೆ. ಇದೇನು ಮಹಾ ವಿದ್ಯೆ ಅಂದುಕೊಂಡೆ. ನಾನೂ ಗೋಡೆ ಓದಿ ತೋರಿಸಿದೆ. ಅಡಿಯಲ್ಲಿರೋ ಹಳದಿ ಮಾಲೀಕರ ದೊಡ್ಡ ಮಗನ ಮದುವೆ. ಅದರ ಮೇಲಿನ ಹಸಿರು ದೊಡ್ಡ ಮಗಳದು. ಎಲ್ಲಕ್ಕಿಂತ ಮೇಲಿನ ನೀಲಿ ಚಿಕ್ಕ ಮಗನದು, ಅವತ್ತಿನ ಊಟದಲ್ಲಿ ಹೋಳಿಗೆ ಸಾಲದೆ ಬೀಗರು ಎಲೆಯಿಂದ ಎದ್ದರಲ್ಲ, ಅದೇ.

ಮೇಷ್ಟ್ರಿಗೆ ಖುಷಿಯೋ ಖುಷಿ. ಕನ್ನಡಕ ಮೇಲೆ ಸರಿಸಿ ಗೋಡೆಗೆ ಮೂಗು ತಾಗಿಸಿದರು. ಹಸಿರಿಗೂ ನೀಲಿಗೂ ನಡುವೆ ದಪ್ಪಗೆ ಮಸಿ ಕೂತಿದೆ, ಇಲ್ಲೊಂದು ಪದರ ಇರಬೇಕಾಗಿತ್ತು, ಇಲ್ಲ ಅಂದರು. ಬಂಡೆಗಳಲ್ಲೂ ಹೀಗೆ ಕೋಟಿಗಟ್ಟಲೆ ವರ್ಷ ಕಾಣೆಯಾಗಿರುತ್ತಂತೆ. ಕೊಚ್ಚಿಹೋಯಿತೋ, ಮೊದಲೇ ಕೂರಲಿಲ್ಲವೋ, ಆ ಕಾಲದಲ್ಲಿ ಏನು ನಡೆಯಿತು ಅಂತ ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲ್ಲವಂತೆ.

"ಯಾರಿಗೂ ಗೊತ್ತಿಲ್ಲ ಅಂದ್ರೆ ಏನ್ರೀ? ನಾನಿಲ್ವಾ?" ಅಂದೆ. "ಅದು ಅವರ ಎರಡನೇ ಮಗಳು. ಕಾರ್ ಓಡಿಸೋನ ಜೊತೆ ಹೋಗಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾರ ಹಾಕ್ಕೊಂಡಳು. ಅದಕ್ಕೆ ಯಾರು ಬಣ್ಣ ಹೊಡೆಸ್ತಾರೆ?"

ಮೇಷ್ಟ್ರು ನಕ್ಕರು, ನಾನೂ ನಕ್ಕೆ. ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಮಾಲೀಕರ ಹೆಂಡತಿ ಮಾತ್ರ ನಗಲಿಲ್ಲ. ಆ ಪುಣ್ಯಾತ್ಗಿತ್ತಿ ತಮ್ಮ ಅಣ್ಣನ ಮಗನಿಗೆ ಮೇಷ್ಟ್ರ ಮಗಳನ್ನ ತರೋ ಮಾತು ಎತ್ತಿದ್ದರು. ಸಂಜೆಯೊಳಗೆ ಹುಡುಗನಿಗೆ ಗುರುಬಲ ಹೋಯಿತು ಅಂತ ಹೇಳಿಕಳಿಸಿದರು. ಮಾರನೇ ವಾರ ಯಾವ ಮದುವೆಯೂ ಇಲ್ಲದೆ ನಲ್ಲಿಯ ಗೋಡೆಗೆ ದಪ್ಪಗೆ ಸುಣ್ಣ ಬಿತ್ತು.

ಮೇಷ್ಟ್ರು ಆ ಬಿಳಿ ಗೋಡೆಯ ಮುಂದೆ ನಿಂತು, ಒಂದು ಇಡೀ ಕಾಲವೇ ಮುಚ್ಚಿಹೋಯಿತಲ್ಲ ದೊಡ್ಡಮ್ಮ ಅಂತ ಮರುಗಿದರು. ಅದರ ಜೊತೆಗೆ ಒಬ್ಬ ಅಳಿಯನೂ ಮುಚ್ಚಿಹೋದ, ಅದನ್ನೂ ಲೆಕ್ಕಕ್ಕೆ ಹಿಡೀರಿ ಅಂದೆ.

ಒಂಬತ್ತು ಗಜ

ಆಮೇಲೆ ಚಾಮರಾಜಪೇಟೆಯಿಂದ ಒಂದು ಸಂಬಂಧ ಬಂತು. ಮೊದಲು ಹುಡುಗನ ತಂದೆ ಒಬ್ಬರೇ ಮನೆ ನೋಡಿಕೊಂಡು ಹೋಗೋಕೆ ಬಂದರು. ಜರಿ ಪಂಚೆ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಕೂತ ಕೂಡಲೇ ವಂಶದ ವಿಚಾರ ತೆಗೆದರು. ಅವರ ಮನೆತನ ಐನೂರು ವರ್ಷದ್ದಂತೆ. ಈ ಊರಿಗೆ ಕೋಟೆ ಕಟ್ಟಿದಾಗ ಅವರ ಮುತ್ತಾತನ ಮುತ್ತಾತ ಪಕ್ಕದಲ್ಲೇ ನಿಂತಿದ್ದನಂತೆ. ಸುಮ್ಮನೆ ನಿಂತಿದ್ದನೋ ಕಲ್ಲು ಹೊತ್ತನೋ ಅದನ್ನ ಹೇಳಲಿಲ್ಲ.

ಮೇಷ್ಟ್ರ ಹೆಂಡತಿ ಒಳಗಿನಿಂದಲೇ ಕಣ್ಸನ್ನೆ ಮಾಡಿ ನನ್ನನ್ನ ಕರೆಸಿ ಗಂಡನ ಎದುರಿಗೆ ಕೂರಿಸಿದ್ದರು. ಅವರು ಬಾಯಿ ಬಿಟ್ಟರೆ ನಾನು ಕೆಮ್ಮಬೇಕು, ಅದು ನಮ್ಮ ಒಪ್ಪಂದ. ಐನೂರು ವರ್ಷ ಅಂದ ಕೂಡಲೇ ಮೇಷ್ಟ್ರ ಮುಖದಲ್ಲಿ ಒಂದು ಥರದ ಕನಿಕರ ಕಾಣಿಸಿತು. ನಾನು ಕೆಮ್ಮಿದೆ. ಅವರು ನನಗೆ ನೀರು ತಂದುಕೊಟ್ಟು ಮಾತು ಶುರುಮಾಡಿದರು.

ಐನೂರು ವರ್ಷ ಅಂದರೆ ಎಷ್ಟು ಅಂತ ಬಂದವರಿಗೆ ತಿಳಿಸಿಕೊಡಬೇಕಲ್ಲ. ಹಿತ್ತಲಲ್ಲಿ ಗಳುವಿನ ಮೇಲೆ ಹೆಂಡತಿಯ ಮಡಿ ಸೀರೆ ಒಣಗುತ್ತಿತ್ತು. ನಮ್ಮಲ್ಲಿ ಮಡಿ ಸೀರೆಯನ್ನ ಮಡಿಯಲ್ಲಿಲ್ಲದವರು ಕೈಯಲ್ಲಿ ಮುಟ್ಟೋ ಹಾಗಿಲ್ಲ, ಎತ್ತಿ ಹಾಕೋದೂ ಕೋಲಿನಲ್ಲೇ. ಮೇಷ್ಟ್ರು ಎರಡೂ ಕೈಯಲ್ಲಿ ಅದನ್ನ ಬಾಚಿಕೊಂಡು ಬಂದು ಒಂದು ತುದಿ ಚಾಮರಾಜಪೇಟೆಯವರ ಕೈಗೆ ಕೊಟ್ಟರು. ಇನ್ನೊಂದು ತುದಿ ಹಿಡಿದುಕೊಂಡು ಅಡುಗೆಮನೆ ಬಾಗಿಲವರೆಗೆ ಹಿಂದೆ ಹಿಂದೆ ನಡೆದರು.

ನಿಮ್ಮ ಕೈಯಲ್ಲಿರೋದು ಭೂಮಿ ಹುಟ್ಟಿದ ದಿನ ಅಂತ ತಿಳ್ಕೊಳ್ಳಿ ಅಂದರು. ನನ್ನ ಕೈಯಲ್ಲಿರೋ ಸೆರಗಿನ ತುದಿ ಇವತ್ತು. ನಡುವೆ ಒಂಬತ್ತು ಗಜ. ಅದರಲ್ಲಿ ಎಂಟು ಗಜದವರೆಗೆ ಕಣ್ಣಿಗೆ ಕಾಣೋ ಪ್ರಾಣಿ ಇಲ್ಲವೇ ಇಲ್ಲ ಅನ್ನಬಹುದು, ಬರೀ ಪಾಚಿ. ಕೊನೇ ಗಜ ಬಂದಮೇಲೆ ಮೀನು, ಕಪ್ಪೆ, ಹಲ್ಲಿ ಎಲ್ಲ. ಆ ಒಂದು ಗಜವನ್ನ ಹಳೇ ಜೀವಿಗಳ ಕಾಲ, ನಡುವಿನ ಜೀವಿಗಳ ಕಾಲ, ಹೊಸ ಜೀವಿಗಳ ಕಾಲ ಅಂತ ಮೂರು ಭಾಗ ಮಾಡಿದ್ದಾರೆ. ಒಂದೊಂದು ಭಾಗದೊಳಗೆ ಮತ್ತೆ ಭಾಗ, ಅದರೊಳಗೆ ಇನ್ನೂ ಸಣ್ಣ ಭಾಗ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಸಿನಿಮಾದಲ್ಲಿ ಬರೋ ಡೈನೋಸಾರ್ ಸತ್ತದ್ದು ಸೆರಗಿನ ತುದಿಯಿಂದ ಅರ್ಧ ಗೇಣು ಹಿಂದೆ. ಮನುಷ್ಯ ಅನ್ನೋನು ಕಟ್ಟಕಡೆಯ ಒಂದು ಎಳೆ ನೂಲು.

ಚಾಮರಾಜಪೇಟೆಯವರು ಸೀರೆ ಹಿಡಿದುಕೊಂಡೇ, ನಮ್ಮ ಮನೆತನ ಎಲ್ಲಿ ಬರುತ್ತೆ ಅಂತ ಕೇಳಿದರು. ಪಾಪ, ಅಷ್ಟು ಹೊತ್ತು ಅದಕ್ಕೇ ಕಾದಿದ್ದರು.

ಮೇಷ್ಟ್ರು ಸೆರಗಿನ ತುದಿ ಬೆಳಕಿಗೆ ಹಿಡಿದು ಬಹಳ ಹೊತ್ತು ಹುಡುಕಿದರು. ಮೋಸ ಇಲ್ಲ, ನಿಜವಾಗಿ ಹುಡುಕಿದರು. ಆಮೇಲೆ ಅಂದರು: "ಇಲ್ಲ ಸ್ವಾಮಿ. ಇದರಲ್ಲಿ ಕಾಣೋದಿಲ್ಲ."

ಬಂದವರು ಕಾಫಿ ಲೋಟವನ್ನ ಹಾಗೇ ಬಿಟ್ಟು ಹೊರಟುಹೋದರು. ಮೇಷ್ಟ್ರ ಹೆಂಡತಿ ಅಡುಗೆಮನೆಯಲ್ಲಿ ಕೂತು ಅತ್ತರು. ಹೋಗಲಿ ಬಿಡಮ್ಮ, ಆ ಜಂಬದ ಮನೆಗೆ ಕೊಡದೇ ಇದ್ದದ್ದೇ ಒಳ್ಳೇದಾಯಿತು ಅಂತ ಸಮಾಧಾನ ಹೇಳೋಕೆ ಹೋದೆ. ಅದಕ್ಕಲ್ಲ ದೊಡ್ಡಮ್ಮ, ನಾಳೆ ಗೌರಿ ಹಬ್ಬ, ಇದ್ದದ್ದು ಅದೊಂದೇ ಮಡಿ ಸೀರೆ ಅಂದರು.

ಆಕಡೆ ಈಕಡೆ

ಮಲ್ಲೇಶ್ವರದ ಸಂಬಂಧ ಬಂದಾಗ ಮೇಷ್ಟ್ರ ಹೆಂಡತಿ ಗಂಡನನ್ನ ಹತ್ತಿರ ಕೂರಿಸಿಕೊಂಡು ಪಾಠ ಹೇಳಿದರು. ವಯಸ್ಸು ಕೇಳಿದರೆ ಇಪ್ಪತ್ತೆಂಟು ಅನ್ನಬೇಕು. ಮೇಷ್ಟ್ರು ಒಪ್ಪಲಿಲ್ಲ. ಜನ್ಮವೆಲ್ಲ ವಯಸ್ಸು ಹೇಳಿಯೇ ಅನ್ನ ತಿಂದವನು, ಈಗ ಸುಳ್ಳು ವಯಸ್ಸು ಹೇಳಲಾ ಅಂದರು.

ಆಯಮ್ಮ ಕಮ್ಮಿಯಾ? ಗೋಡೆಯ ಮೇಲೆ ಮೇಷ್ಟ್ರು ತೂಗುಹಾಕಿದ್ದ ಬಣ್ಣಬಣ್ಣದ ಪಟ ಒಂದಿತ್ತು, ಯಾವ ಕಾಲ ಎಷ್ಟು ಕೋಟಿ ವರ್ಷದ ಹಿಂದೆ ಅಂತ ಬರೆದದ್ದು. ಅದರಲ್ಲಿ ಅಲ್ಲಲ್ಲಿ ಹಳೇ ಸಂಖ್ಯೆ ಹೊಡೆದುಹಾಕಿ ಮೇಷ್ಟ್ರೇ ಪೆನ್ಸಿಲಿನಲ್ಲಿ ಹೊಸ ಸಂಖ್ಯೆ ಬರೆದಿದ್ದರು. ಇದೇನು, ನಿಮ್ಮ ವಿಜ್ಞಾನಿಗಳು ವಯಸ್ಸು ಬದಲಾಯಿಸಬಹುದಾ ಅಂತ ಕೇಳಿದರು. ಮೇಷ್ಟ್ರು ಸಡಗರದಿಂದ ಹೇಳಿದರು: ಹೊಸ ಪುರಾವೆ ಸಿಕ್ಕರೆ ಬದಲಾಗುತ್ತೆ. ದೇಶದೇಶದ ಪಂಡಿತರ ಸಮಿತಿ ಇದೆ, ಅವರು ಕೂತು ಓಟು ಹಾಕಿ, ಯಾವುದೋ ಊರಿನ ಬಂಡೆಯಲ್ಲಿ ಒಂದು ಜಾಗ ಗೊತ್ತುಮಾಡಿ, ಈ ಕಾಲ ಇಲ್ಲಿಂದ ಶುರು ಅಂತ ಮೊಳೆ ಹೊಡೀತಾರೆ. ಆದರೂ ಸಂಖ್ಯೆಯ ಮುಂದೆ ಇಷ್ಟು ಹೆಚ್ಚು ಇಷ್ಟು ಕಮ್ಮಿ ಅಂತ ಬರೆಯಲೇಬೇಕು, ಅದು ಪ್ರಾಮಾಣಿಕತೆ.

"ಹಾಗಾದ್ರೆ ನಮ್ಮನೇಲೂ ಸಮಿತಿ ಕೂತಿದೆ," ಅಂದರು ಹೆಂಡತಿ. "ಇಪ್ಪತ್ತೆಂಟು ಅಂತ ಮೊಳೆ ಹೊಡೆದಾಯ್ತು."

ಜಾತಕ ಕೇಳಿದರೆ ಕಳೆದುಹೋಗಿದೆ, ನಾಮಬಲದ ಮೇಲೆ ನೋಡಿ ಅನ್ನೋದು ಅಂತ ತೀರ್ಮಾನ ಆಯಿತು. ನೋಡಿದರೆ ಮಲ್ಲೇಶ್ವರದವರೂ ಹುಡುಗನ ಜಾತಕ ಕಳೆದುಹೋಗಿದೆ ಅಂದರು. ಎರಡು ಮನೆಯ ಜಾತಕ ಒಟ್ಟಿಗೆ ಕಳೆದುಹೋಗಿದೆ, ಇದಕ್ಕಿಂತ ಸಾಲಾವಳಿ ಇನ್ನೇನು ಬೇಕು ಅಂತ ನಾನೂ ಹೂಂಗುಟ್ಟಿದೆ.

ಹುಡುಗ ಬಂದ. ಸರ್ಕಾರಿ ಆಫೀಸಿನಲ್ಲಿ ಕೆಲಸ, ಮೂವತ್ತು ವರ್ಷ ಅಂದರು. ಕೂದಲು ನೆತ್ತಿಯಲ್ಲಿ ಸ್ವಲ್ಪ ಅವಸರ ಮಾಡಿತ್ತು. ಉಪ್ಪಿಟ್ಟು ಬರೋ ಮೊದಲೇ ಕಿಟಕಿಯ ಒಂದು ಕಲ್ಲು ಕೈಗೆತ್ತಿಕೊಂಡು, ಇದರಲ್ಲಿ ಶಂಖದ ಅಚ್ಚು ಇದೆಯಲ್ಲ ಸಾರ್, ಇದು ಯಾವ ಕಾಲದ್ದು ಅಂತ ಕೇಳಿದ. ಮೇಷ್ಟ್ರ ಕಣ್ಣಲ್ಲಿ ನೀರು ಬಂದದ್ದನ್ನ ನಾನೇ ನೋಡಿದೆ. ಆ ಮನೆಗೆ ಬಂದ ಮನುಷ್ಯರಲ್ಲಿ ಕೇಳದೇ ಹೇಳಿಸಿಕೊಂಡವರೇ ಎಲ್ಲ, ಕೇಳಿ ಹೇಳಿಸಿಕೊಂಡವನು ಇವನೊಬ್ಬ. ಕಲ್ಲನ್ನ ಮನೆಗೆ ತಗೊಂಡು ಹೋಗಿ ನಿಧಾನವಾಗಿ ನೋಡಿ ಅಂತ ಕೊಟ್ಟೇಬಿಟ್ಟರು. ಹುಡುಗಿ ಕಾಫಿ ತಂದವಳು, ತಟ್ಟೆ ಕೆಳಗಿಡೋದು ಮರೆತು ಅವನನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಮನೆಗೆ ಬಂದು, ಉಪ್ಪಿನಕಾಯಿ ಬೇಕು ಅಂತ ನೆಪ ಹೇಳಿ, ಮೆಲ್ಲಗೆ ಅಂದಳು: "ದೊಡ್ಡಮ್ಮ, ಇಷ್ಟು ದಿನ ಯಾರು ಬಂದ್ರೂ ಹೋದ್ರೂ ನನಗೇನೂ ಅನಿಸಿರ್ಲಿಲ್ಲ. ಇದೊಂದು ಕೆಡಬಾರದು."

ಆದರೆ ಅಷ್ಟು ಹೊತ್ತಿಗೆ ಕೆಡಿಸೋ ಕೆಲಸ ಆರಂಭವಾಗಿ ಆಗಿತ್ತು. ಹೊರಡೋ ಮುಂಚೆ ಹುಡುಗನ ತಾಯಿ, ಕುಂಕುಮ ಹಚ್ಚಿಕೊಳ್ಳುತ್ತಾ, ಹುಡುಗಿಗೆ ವಯಸ್ಸೆಷ್ಟು ಅಂತ ನೇರವಾಗಿ ಮೇಷ್ಟ್ರನ್ನೇ ಕೇಳಿದ್ದರು. ನಾನು ಕೆಮ್ಮೋಕೂ ಆಗಲಿಲ್ಲ, ಬಾಯಿತುಂಬ ಕೇಸರಿಭಾತು.

"ಇಪ್ಪತ್ತೆಂಟು," ಅಂದರು ಮೇಷ್ಟ್ರು. ಹೆಂಡತಿ ನಿಟ್ಟುಸಿರು ಬಿಟ್ಟರು. ಮೇಷ್ಟ್ರು ಪ್ರಾಮಾಣಿಕರಲ್ಲವೇ, ಮುಂದುವರಿಸಿದರು. "ನಾಲ್ಕು ವರ್ಷ ಆಕಡೆ ಈಕಡೆ."

ಹುಡುಗನ ತಾಯಿಯ ಬೆರಳು ಹಣೆಯ ಮೇಲೇ ನಿಂತಿತು. ಆಕಡೆನೋ ಈಕಡೆನೋ ಅಂತ ಕೇಳಿದರು. ಅದನ್ನ ಸಮಿತಿಯವರು ಹೇಳಬೇಕು ಅಂತ ಮೇಷ್ಟ್ರು ಹೆಂಡತಿಯ ಕಡೆ ಕೈ ತೋರಿಸಿದರು.

ಹಾರ್ಮೋನಿಯಂನವನು

ನಾಲ್ಕು ದಿನ ಕಳೆಯೋದರೊಳಗೆ ಆ ತಾಯಿ ಒಬ್ಬರೇ ನನ್ನ ಬಾಗಿಲಲ್ಲಿ ಪ್ರತ್ಯಕ್ಷ. ಗಾಂಧಿ ಬಜಾರಿಗೆ ಹೂವಿಗೆ ಅಂತ ಬಂದವರಂತೆ. ಮಲ್ಲೇಶ್ವರದಲ್ಲಿ ಹೂವು ಸಿಗಲ್ಲ ನೋಡಿ, ಪಾಪ.

ಹೆಣ್ಣಿನ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸೋದು ನಮ್ಮಲ್ಲಿ ನಡೆದುಬಂದ ಕ್ರಮವೇ. ನಾನೂ ಎಷ್ಟೋ ಮದುವೆ ಉಳಿಸಿದವಳು, ಎಷ್ಟೋ ಮದುವೆ ತಡೆದವಳು. ಬಾಯಿ ಹೇಗೆ ಬಿಗಿಹಿಡೀಬೇಕು ಅಂತ ನನಗೆ ಗೊತ್ತು. ಆದರೆ ಆಯಮ್ಮ ಹುಡುಗಿಯ ವಯಸ್ಸು ಕೇಳಲೇ ಇಲ್ಲ. ನನ್ನ ತಲೆಗೂದಲು ಇನ್ನೂ ಕಪ್ಪಗಿದೆ ಅಂದರು. ನಿಮ್ಮ ಕಡೆ ಹಗರಣ ಏನೂ ಇರಲ್ಲ ಬಿಡಿ, ಎಲ್ಲ ನಮ್ಮ ಮಲ್ಲೇಶ್ವರದಲ್ಲೇ ಅಂದರು.

ಬಸವನಗುಡಿಗೆ ಇಂಥ ಅವಮಾನ ಆದರೆ ಯಾರು ಸುಮ್ಮನಿರುತ್ತಾರೆ? ನಾನು ಒಂದೊಂದೇ ಬಿಚ್ಚಿದೆ. ಅವರೂ ಒಂದು ಹೇಳಿದರು. ನಾನು ಅದಕ್ಕಿಂತ ದೊಡ್ಡದು ಹೇಳಿದೆ. ಹಾಗೇ ಹಾರ್ಮೋನಿಯಂ ಹೇಳಿಕೊಡೋ ಒಬ್ಬನ ವಿಷಯಕ್ಕೆ ಬಂದೆ. ಗುಂಗುರು ಕೂದಲು, ರೇಷ್ಮೆ ಜುಬ್ಬ, ನಕ್ಕರೆ ಒಂದು ಚಿನ್ನದ ಹಲ್ಲು. ನಮ್ಮ ಬೀದಿಯಲ್ಲಿ ಅಕ್ಕ ತಂಗಿ ಇಬ್ಬರಿಗೂ ಬೇರೆ ಬೇರೆಯಾಗಿ, ನಿನ್ನನ್ನೇ ಮದುವೆ ಆಗೋದು ಅಂತ ಮಾತು ಕೊಟ್ಟು, ಅವರಿಬ್ಬರೂ ಒಂದು ದಿನ ಮಾತಾಡಿಕೊಂಡ ಮೇಲೆ ಹಾರ್ಮೋನಿಯಂ ಬಿಟ್ಟು ಓಡಿದವನು.

ಆಯಮ್ಮ ನನ್ನ ಕೈ ಹಿಡಿದುಕೊಂಡರು. ಚಿನ್ನದ ಹಲ್ಲಾ? ಅವನು ನಮ್ಮಲ್ಲೂ ಇದ್ದ ಕಣ್ರೀ ಅಂದರು. ಅಲ್ಲಿ ಒಬ್ಬ ವಕೀಲರ ಹೆಂಡತಿಗೆ ಕಲ್ಯಾಣಿ ರಾಗ ಹೇಳಿಕೊಡೋಕೆ ಹೋಗಿ, ಶಿವರಾತ್ರಿ ಆದಮೇಲೆ ಹಿತ್ತಲ ಗೋಡೆ ಹಾರಿದನಂತೆ. ಸರಿಹೋಯಿತು, ಅದೇ ವರ್ಷ ರಾಮನವಮಿ ಹೊತ್ತಿಗೆ ನಮ್ಮಲ್ಲಿಗೆ ಬಂದ ಅಂದೆ. ಇಬ್ಬರಿಗೂ ಎಂಥ ಆನಂದ ಅಂತೀರಿ, ಬಹಳ ದಿನದಿಂದ ಕಳೆದುಹೋಗಿದ್ದ ಓಲೆಯ ಜೋಡಿ ಸಿಕ್ಕಿದ ಹಾಗಾಯಿತು.

ಅವನು ಇಲ್ಲಿಗೆ ಬಂದಾಗ ಈ ಮೇಷ್ಟ್ರ ಮಗಳಿಗೂ ಹೇಳಿಕೊಡ್ತಿದ್ದನಾ ಅಂತ ಆಯಮ್ಮ ಕೊಂಡುತಂದಿದ್ದ ಹೂವು ಕಟ್ಟುತ್ತಾ ಕೇಳಿದರು. ಛೇ ಛೇ, ಅವಳು ಚಿನ್ನದಂಥ ಹುಡುಗಿ ಅಂದೆ. ಎಂಟನೇ ಕ್ಲಾಸಿನ ಪರೀಕ್ಷೆಗೆ ಓದುತ್ತಾ ಇದ್ದಳು, ಅವನು ಬಾಗಿಲಿಗೆ ಬಂದರೆ ಮೇಷ್ಟ್ರೇ ಕಲ್ಲು ತೋರಿಸಿ ಪಾಠ ಶುರುಮಾಡಿ ಓಡಿಸಿಬಿಟ್ಟರು.

ಹೂವು ಕಟ್ಟೋದು ನಿಂತಿತು. "ಎಂಟನೇ ಕ್ಲಾಸು," ಅಂದರು ಆಯಮ್ಮ. "ಆ ವರ್ಷ ನನ್ನ ಮಗ ಏಳನೇ ಕ್ಲಾಸು. ಅಂದ್ರೆ ಹುಡುಗಿ ನನ್ನ ಮಗನಿಗಿಂತ ಒಂದು ವರ್ಷ ದೊಡ್ಡೋಳು."

ಕಟ್ಟುತ್ತಿದ್ದ ಹೂವನ್ನೂ ಬಿಟ್ಟು ಎದ್ದುಹೋದರು. ಸಂಜೆ ಫೋನಿನಲ್ಲಿ ಸಂಬಂಧ ಬೇಡ ಅಂದರು.

ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ನಾನೊಂದು ಅಕ್ಷರ ವಯಸ್ಸಿನ ಮಾತು ಆಡಿಲ್ಲ, ಆಯಮ್ಮನೇ ಹೊಂಚಿದ್ದು ಅಂತಲೂ ಹೇಳಿದೆ. ಬೈತಾರೆ ಅಂತ ಕಾದರೆ ಅವರ ಮುಖ ಅರಳುತ್ತಿದೆ. ದೂರದೂರದ ಬಂಡೆಗಳು ಒಂದೇ ಕಾಲದವಾ ಅಂತ ಪತ್ತೆ ಮಾಡೋದೇ ಹೀಗಂತೆ. ಅದಕ್ಕೆ ಒಂದು ಜಾತಿಯ ಪ್ರಾಣಿಯ ಪಳೆಯುಳಿಕೆ ಬೇಕಂತೆ. ಅದು ತುಂಬ ಕಡೆ ಹರಡಿರಬೇಕು, ಸ್ವಲ್ಪವೇ ಕಾಲ ಬದುಕಿರಬೇಕು, ನೋಡಿದ ಕೂಡಲೇ ಗುರುತು ಸಿಗಬೇಕು. ಎಲ್ಲೆಲ್ಲಿ ಅದು ಸಿಗುತ್ತೋ ಅಲ್ಲೆಲ್ಲ ಒಂದೇ ಕಾಲ.

ಮಗಳು ಒಳಗೆ ಊಟ ಬಿಟ್ಟು ಮಲಗಿದ್ದಾಳೆ. ಹೆಂಡತಿ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಈ ಮನುಷ್ಯ ನನ್ನ ಹತ್ತಿರ ಬಗ್ಗಿ, ಆ ಹಾರ್ಮೋನಿಯಂನವನು ಚಾಮರಾಜಪೇಟೆಗೂ ಹೋಗಿದ್ದನಾ ದೊಡ್ಡಮ್ಮ ಅಂತ ಕೇಳುತ್ತಿದ್ದಾರೆ.

ಏಳನೇ ಕ್ಲಾಸು

ಮುಂದಿನ ಭಾನುವಾರ ಬೆಳಗ್ಗೆ ಆ ಹುಡುಗ ಬಂದ. ಕಲ್ಲು ವಾಪಸ್ ಕೊಡಬೇಕಲ್ಲ, ಅದಕ್ಕೆ. ಮ್ಲಾನವಾದ ಮುಖ, ಕಲ್ಲನ್ನ ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ಮಗ ಒಬ್ಬನೇ ಹೋದರೆ ಏನು ಒಪ್ಪಿಕೊಂಡು ಬರುತ್ತಾನೋ ಅಂತ ತಾಯಿಯೂ ಬೆನ್ನಿಗೇ ಬಂದಿದ್ದರು. ನಾನು ಅವರ ಹೊಸ್ತಿಲ ಮೇಲೆ ಕೂತೆ. ಯಾರೂ ಕರೆಯಲಿಲ್ಲ, ಏಳಿ ಅಂತಲೂ ಯಾರೂ ಹೇಳಲಿಲ್ಲ.

ಹುಡುಗಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಸೆರಗಿನ ತುದಿ ಮಾತ್ರ ಕಾಣುತ್ತಿತ್ತು, ಹುಡುಗ ಅದನ್ನೇ ನೋಡುತ್ತಿದ್ದ.

ತಪ್ಪು ತಿಳ್ಕೋಬೇಡಿ, ಹುಡುಗಿ ಒಳ್ಳೆಯವಳೇ, ಆದರೆ ದೊಡ್ಡವಳನ್ನ ತಂದರೆ ನಮ್ಮ ಕಡೆಯವರು ಆಡಿಕೊಳ್ಳುತ್ತಾರೆ ಅಂತ ತಾಯಿ ಹೇಳಿದರು. ಮೇಷ್ಟ್ರು, ನೀವು ಅದನ್ನ ಹೇಗೆ ಕಂಡುಹಿಡಿದಿರಿ ಇನ್ನೊಂದು ಸಲ ಹೇಳಿ ಅಂತ ಚಾಕ್‌ಪೀಸ್ ತಂದು ನೆಲದ ಮೇಲೆ ಕೂತರು. ಕೆಂಪು ಗಾರೆ ನೆಲದ ಮೇಲೆ ಎರಡು ಉದ್ದ ಕಂಬದ ಚಿತ್ರ ಬರೆದರು. ಒಂದು ಬಸವನಗುಡಿ, ಇನ್ನೊಂದು ಮಲ್ಲೇಶ್ವರ. ಬಸವನಗುಡಿಯಲ್ಲಿ ಮಗಳ ಕ್ಲಾಸುಗಳು ಒಂದರ ಮೇಲೊಂದು. ಮಲ್ಲೇಶ್ವರದಲ್ಲಿ ಹುಡುಗನ ಕ್ಲಾಸುಗಳು ಒಂದರ ಮೇಲೊಂದು. ಹಾರ್ಮೋನಿಯಂನವನಿಗೆ ಎರಡೂ ಕಂಬಗಳನ್ನ ಸೇರಿಸೋ ಒಂದು ಅಡ್ಡಗೆರೆ. ಗೆರೆ ಇಲ್ಲಿ ಎಂಟಕ್ಕೆ ತಾಗಿತು, ಅಲ್ಲಿ ಏಳಕ್ಕೆ.

"ಲೆಕ್ಕ ಸರಿಯಾಗಿದೆ," ಅಂದರು ಮೇಷ್ಟ್ರು. ನಾನು ಹಣೆ ಚಚ್ಚಿಕೊಂಡೆ. ಸ್ವಂತ ಮಗಳ ವಿರುದ್ಧ ಯಾವ ತಂದೆಯಾದರೂ ಹೀಗೆ ಸಾಕ್ಷಿ ಹೇಳಿದ್ದುಂಟಾ?

ಮೇಷ್ಟ್ರು ನೆಲದ ಮೇಲಿನ ಕ್ಲಾಸುಗಳನ್ನ ಮತ್ತೆ ಎಣಿಸಿ, ಒಂದೇ ಒಂದು ಅನುಮಾನ ಅಂದರು. ಬಂಡೆಯ ಪದರ ಎಣಿಸೋವಾಗ ಒಂದು ಕಡೆ ಎಲ್ಲರೂ ಮೋಸಹೋಗುತ್ತಾರಂತೆ. ನೆಲ ಮಡಚಿಕೊಂಡು ಕೆಲವು ಕಡೆ ಅದೇ ಪದರ ಮತ್ತೆ ಮತ್ತೆ ಬಂದಿರುತ್ತಂತೆ. ಎಷ್ಟು ಸಲ ಬಂದಿದೆ ಅಂತ ನೋಡದೆ ಎಣಿಸಿದರೆ ಕಾಲದ ಲೆಕ್ಕ ಕೆಟ್ಟುಹೋಗುತ್ತಂತೆ. ಇಷ್ಟು ಹೇಳಿ, ಮನಸ್ಸಿನಲ್ಲಿ ಒಂದಿಷ್ಟೂ ಕೊಂಕಿಲ್ಲದೆ ಆ ತಾಯಿಯ ಮುಖ ನೋಡಿ ಕೇಳಿದರು:

"ನಿಮ್ಮ ಹುಡುಗ ಏಳನೇ ಕ್ಲಾಸು ಒಂದೇ ಸಲ ಓದಿದ್ದಾ ಅಮ್ಮ?"

ಆಯಮ್ಮ ಫ್ಯಾನಿನ ಕಡೆ ನೋಡಿದರು. ಫ್ಯಾನ್ ತಿರುಗುತ್ತಿರಲಿಲ್ಲ, ಆದರೂ ನೋಡಿದರು. ಮಗ ಫೇಲಾದ ವರ್ಷವನ್ನ ಅವರು ಅವನ ವಯಸ್ಸಿನಿಂದಲೇ ಕಳೆದುಬಿಟ್ಟಿದ್ದರು. ವಯಸ್ಸಿಗೂ ಕ್ಲಾಸಿಗೂ ತಾಳೆ ಬರಬೇಕಲ್ಲ. ಹೇಳಿ ಹೇಳಿ ಆ ವಯಸ್ಸು ಅವರಿಗೇ ನಿಜವಾಗಿ ಹೋಗಿತ್ತು. ಈಗ ನಿಜ ಹೇಳಿದರೆ ಮದುವೆ ಉಳಿಯುತ್ತೆ, ಮಾನ ಹೋಗುತ್ತೆ. ಹೇಳದಿದ್ದರೆ ಮಾನ ಉಳಿಯುತ್ತೆ, ಮಗ ಆ ಸೆರಗಿನ ತುದಿ ನೋಡಿಕೊಂಡೇ ಮುದುಕನಾಗುತ್ತಾನೆ.

"ಎರಡು ಸಲ," ಅಂದರು ಕೊನೆಗೆ. "ಟೈಫಾಯ್ಡ್ ಆಗಿತ್ತು."

ಮೇಷ್ಟ್ರು ಅಂಗೈಯಲ್ಲಿ ಚಾಕ್ ಒರೆಸಿ, ಏಳನೇ ಕ್ಲಾಸನ್ನ ಎರಡು ಅಂತಸ್ತು ಮಾಡಿ ಗೆರೆ ಮತ್ತೆ ಎಳೆದರು. ಈಗ ಇಬ್ಬರೂ ಸಮ ಸಮ ಆದರು. ಮೇಷ್ಟ್ರ ಹೆಂಡತಿ ಮೆಲ್ಲಗೆ, ಸಮ ಇದ್ದರೆ ಪರವಾಗಿಲ್ಲ ಅಲ್ವಾ ಅಂದರು. ಆಯಮ್ಮ ಇಷ್ಟು ಮಾನ ಬಿಟ್ಟುಕೊಟ್ಟ ಮೇಲೆ ಇನ್ನೊಂದು ಚೂರೂ ಬಿಟ್ಟುಕೊಡೋಕೆ ತಯಾರಿರಲಿಲ್ಲ. ಸಮ ಆದರೂ ನಮ್ಮಲ್ಲಿ ನಡೆಯಲ್ಲ, ಹುಡುಗ ಒಂದು ವರ್ಷವಾದರೂ ದೊಡ್ಡವನಿರಬೇಕು ಅಂತ ಎದ್ದು ನಿಂತರು.

ಹುಡುಗ ಎದ್ದೇಳಲಿಲ್ಲ. ಕರ್ಚೀಫಿನ ಗಂಟು ಬಿಚ್ಚಿದ, ಮತ್ತೆ ಕಟ್ಟಿದ. ಕತ್ತು ಬಗ್ಗಿಸಿಕೊಂಡೇ ಅಂದ: "ಮೂರು ಸಲ ಸಾರ್."

ಏನೋ ಅದು ಅಂದರು ತಾಯಿ.

"ಮೂರು ಸಲ ಅಮ್ಮ. ಹಾರ್ಮೋನಿಯಂನವನು ಗೋಡೆ ಹಾರಿದ್ದು ನನ್ನ ಮೂರನೇ ಸಲದ ಪರೀಕ್ಷೆ ಹೊತ್ತಿಗೆ. ನೀವೆಲ್ಲ ವಕೀಲರ ಮನೆ ಮುಂದೇನೇ ಇದ್ರಿ, ಓದು ಓದು ಅಂತ ನನ್ನ ಪ್ರಾಣ ತಿನ್ನೋರು ಮನೇಲಿ ಒಬ್ಬರೂ ಇರ್ಲಿಲ್ಲ. ಅದಕ್ಕೇ ಪಾಸಾದೆ."

ಅಡುಗೆಮನೆಯಿಂದ ನಗು ಕೇಳಿಸಿತು. ಆ ಹುಡುಗಿ ಗಟ್ಟಿಯಾಗಿ ನಕ್ಕದ್ದನ್ನ ವಠಾರ ಕೇಳಿದ್ದು ಅದೇ ಮೊದಲು. ಹುಡುಗನ ಕಿವಿ ಕೆಂಪಗಾಯಿತು, ಆದರೂ ಮುಖದಲ್ಲಿ ಸಂತೋಷ ತಡೆಯೋಕಾಗುತ್ತಿಲ್ಲ. ಮೇಷ್ಟ್ರು ಏಳನೇ ಕ್ಲಾಸಿನ ಮೇಲೆ ಮೂರನೇ ಅಂತಸ್ತು ಕಟ್ಟಿ, ಹುಡುಗ ಒಂದು ವರ್ಷ ದೊಡ್ಡವನು ಅಂತ ತೀರ್ಪು ಕೊಟ್ಟರು. ಹೊಸ ಯುಗವನ್ನೇ ಕಂಡುಹಿಡಿದವರ ಹಾಗೆ ಹುಡುಗನ ಕೈ ಕುಲುಕಿದರು. ಮೂರು ಸಲ ಫೇಲಾದವನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನ ನಾನಂತೂ ಎಲ್ಲೂ ನೋಡಿಲ್ಲ ಅಂದೆ. ಎರಡು ಸಲ ಫೇಲು, ಮೂರನೇದು ಪಾಸು ಅಂತ ತಾಯಿ ತಿದ್ದಿದರು. ತಿದ್ದಿದ ಮೇಲೆ ಅವರಿಗೂ ನಗು ಬಂತು, ಕೂತರು. ಕೂತ ಮೇಲೆ ಕಾಫಿ ಬಂತು, ಕಾಫಿಯ ಜೊತೆ ತಾಂಬೂಲದ ಮಾತು ಬಂತು.

ಹೊರಡೋವಾಗ ಆಯಮ್ಮ ನನ್ನನ್ನ ನಲ್ಲಿಯ ಹತ್ತಿರ ಮರೆಗೆ ಕರೆದುಕೊಂಡು ಹೋಗಿ ಎರಡೂ ಕೈ ಹಿಡಿದುಕೊಂಡರು. ಏಳನೇ ಕ್ಲಾಸಿನ ವಿಷಯ ನಮ್ಮ ಮಲ್ಲೇಶ್ವರದಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ, ನಿಮ್ಮ ಬಾಯಿಂದ ಅಲ್ಲಿ ಯಾರಿಗೂ ತಿಳಿಯಬಾರದು, ಆಣೆ ಮಾಡಿ ಅಂದರು. ದೇವರ ಮೇಲೆ ಆಣೆ ಮಾಡಿದೆ.

ಮದುವೆ ಆಯಿತು, ಮಕ್ಕಳಾದವು. ಆಣೆಯನ್ನ ನಾನು ಇವತ್ತಿಗೂ ಮುರಿದಿಲ್ಲ. ಮಲ್ಲೇಶ್ವರಕ್ಕೆ ಕಾಲೇ ಇಡಲ್ಲ, ವೈಯಾಲಿಕಾವಲ್‌ನಲ್ಲಿರೋ ನನ್ನ ತಂಗಿಯ ಮನೆಗೆ ಮಾತ್ರ ಹೋಗ್ತೀನಿ. ಅಲ್ಲಿಂದ ಮಲ್ಲೇಶ್ವರಕ್ಕೆ ಒಂದು ರಸ್ತೆ ದಾಟಿದರೆ ಆಯಿತು. ಆದರೆ ದಾಟೋಳು ನಾನಲ್ಲ, ನನ್ನ ತಂಗಿ.